ಮನೆಯ ಗಣಕಯಂತ್ರದಲ್ಲಿ ಗೂಢಚಾರ: ಕೂಡಂಕುಳಂನಿಂದ ಮಾಧವರಂವರೆಗೆ

2019ರ ಅಕ್ಟೋಬರ್ 30ರಂದು ಭಾರತೀಯ ಅಣುವಿದ್ಯುತ್ ನಿಗಮವು ಚಿಕ್ಕದೊಂದು ಪ್ರಕಟಣೆ ಹೊರಡಿಸಿ, ತನ್ನ ವ್ಯವಸ್ಥೆಯಲ್ಲಿ ದುಷ್ಟ ತಂತ್ರಾಂಶ ಪತ್ತೆಯಾಗಿದ್ದು ನಿಜವೆಂದು ಒಪ್ಪಿಕೊಂಡಿತು. ಹಿಂದಿನ ದಿನವಷ್ಟೇ ಕೂಡಂಕುಳಂ ಸ್ಥಾವರವು ಆ ಸುದ್ದಿಯನ್ನು ಸುಳ್ಳೆಂದು ತಳ್ಳಿಹಾಕಿತ್ತು. ದೇಶದ ಗಣಕಜಾಲಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯಾದರೋ ಸೆಪ್ಟೆಂಬರ್ 4ರಂದೇ ಇದನ್ನು ಗಮನಿಸಿ ನಿಗಮಕ್ಕೆ ತಿಳಿಸಿತ್ತು. ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರವನ್ನು ನಡೆಸುವುದೂ ಇದೇ ನಿಗಮವಾದ್ದರಿಂದ ಕನ್ನಡಿಗರಿಗೆ ಇದು ಕೇವಲ ತಮಿಳುನಾಡಿನ ಸುದ್ದಿಯಾಗಿರಲಿಲ್ಲ.

ಆ ಪ್ರಕಟಣೆಯಲ್ಲಿ ನಮ್ಮ ಗಮನ ಸೆಳೆದ ಸಂಗತಿ ಬೇರೆಯೇ. ಸೋಂಕು ತಗುಲಿದ್ದು ಆಡಳಿತದ ಕೆಲಸಕ್ಕೆಂದು ಇದ್ದ, ಅಂತರ್ಜಾಲದ ಸಂಪರ್ಕವುಳ್ಳ ಜಾಲದಲ್ಲಿನ ಒಬ್ಬ ಬಳಕೆದಾರರ ಪಿ.ಸಿ.ಗೆ. ಸ್ಥಾವರದ ಮಹತ್ವದ ಒಳಜಾಲವು ಅದರಿಂದ ಪ್ರತ್ಯೇಕವಾಗಿತ್ತು ಎಂದು ನಿಗಮ ಹೇಳಿತು. ತಜ್ಞರು ಬೊಟ್ಟುಮಾಡಿದ್ದು ಡಿಟ್ರ್ಯಾಕ್ ಎಂಬ ಗೂಢಚಾರಿ ತಂತ್ರಾಂಶದತ್ತ. ಭಾರತದ ಹಣಕಾಸು ಸಂಸ್ಥೆಗಳಲ್ಲಿಯೂ ಸಂಶೋಧನ ಕೇಂದ್ರಗಳಲ್ಲಿಯೂ ಅದು ಕಂಡುಬಂದಿರುವುದಾಗಿ ಕ್ಯಾಸ್ಪರ್‌ಸ್ಕೀ ಸಂಸ್ಥೆ ಅದೇ ಸೆಪ್ಟೆಂಬರಿನಲ್ಲಿ ವರದಿ ಮಾಡಿತ್ತು. ಕೀಲಿಮಣೆಯ ಮೇಲೆ ಒತ್ತಿದ ಅಕ್ಷರಗಳು, ಬ್ರೌಸರಿನ ಇತಿಹಾಸ, ಡಿಸ್ಕಿನಲ್ಲಿರುವ ಕಡತಗಳ ಪಟ್ಟಿ, ಆ ಹೊತ್ತಿಗೆ ಓಡುತ್ತಿರುವ ತಂತ್ರಾಂಶಗಳ ಪಟ್ಟಿ: ಇವನ್ನೆಲ್ಲ ಕಲೆಹಾಕಿ ಹೊರಗೆ ಕಳುಹಿಸುವುದು ಅದರ ಕೆಲಸ.

ಅಣುಸ್ಥಾವರಕ್ಕೆ ಒಂದು ಗೋಡೆಯಿತ್ತು. ನಮ್ಮ ಮನೆಗಳಲ್ಲಿ ಅದಿಲ್ಲ. ಮಾಧವರಂ ಮಿಲ್ಕ್ ಕಾಲೊನಿಯ ಕಡೆ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳೋಣ. ನಡುಮನೆಯ ಮೂಲೆಯಲ್ಲಿ ಒಂದು ಗಣಕಯಂತ್ರ. ಬೆಳಿಗ್ಗೆ ತಾತನವರು ಪಿಂಚಣಿಯ ಲೆಕ್ಕ ನೋಡಿ, ಊರಿನ ಬಂಧುಗಳಿಗೆ ಕನ್ನಡದಲ್ಲಿ ಪತ್ರ ಬೆರಳಚ್ಚಿಸುತ್ತಾರೆ. ಮಧ್ಯಾಹ್ನ ಸೊಸೆ ವಿಮೆಯ ಕಂತು, ಮನೆಸಾಲದ ಕಂತು ಕಟ್ಟುತ್ತಾಳೆ. ಸಂಜೆ ಕಾಲೇಜಿನಿಂದ ಬಂದ ಮೊಮ್ಮಗಳು ಅದೇ ಯಂತ್ರದಲ್ಲಿ, ಅದೇ ಬ್ರೌಸರಿನಲ್ಲಿ ಆಟಕ್ಕೊಂದು ಉಚಿತ ಸೇರ್ಪಡೆಯನ್ನು ಹುಡುಕಿ ಇಳಿಸಿಕೊಳ್ಳುತ್ತಾಳೆ. ಆಡಳಿತದ ಜಾಲ, ಒಳಜಾಲ ಎಲ್ಲವೂ ಇಲ್ಲಿ ಒಂದೇ.

ಗೂಢಚಾರಿ ತಂತ್ರಾಂಶವೆಂದೊಡನೆ ಅನೇಕರಿಗೆ ನೆನಪಾಗುವುದು ಪೆಗಾಸಸ್. 2021ರ ಜುಲೈನಲ್ಲಿ ಹೊರಬಂದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿ, 2019ರಲ್ಲಿ ಕರ್ನಾಟಕದ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ದೂರವಾಣಿ ಸಂಖ್ಯೆಯೂ ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದವೆಂದು ವರದಿಯಾಯಿತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿಗೆ ಸೋಂಕು ತಗುಲಿತ್ತೆಂದು ಅರ್ಥವಲ್ಲ. ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯು 29 ಫೋನುಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 5ರಲ್ಲಿ ಯಾವುದೋ ದುಷ್ಟ ತಂತ್ರಾಂಶ ಇತ್ತಾದರೂ ಅದು ಪೆಗಾಸಸ್ಸೇ ಎಂಬುದು ಸಿದ್ಧವಾಗಲಿಲ್ಲವೆಂದು 2022ರ ಆಗಸ್ಟಿನಲ್ಲಿ ತಿಳಿದುಬಂತು. ಪ್ರಜಾಪ್ರಭುತ್ವದ ದೃಷ್ಟಿಯಿಂದ ಅದು ಗಂಭೀರ ಪ್ರಶ್ನೆಯೇ ಸರಿ. ಆದರೆ ಅಷ್ಟು ದುಬಾರಿಯ ಆಯುಧವನ್ನು ಮಾಧವರಂನ ತಾತನವರ ಮೇಲೆ ಯಾರೂ ಪ್ರಯೋಗಿಸುವುದಿಲ್ಲ. ಅವರ ಮನೆಗೆ ಬರುವ ಗೂಢಚಾರ ಅಗ್ಗದವನು, ಬಾಡಿಗೆಗೆ ಸಿಗುವವನು. ತಿಂಗಳ ಶುಲ್ಕ ಕೊಟ್ಟರೆ ಯಾರು ಬೇಕಾದರೂ ಬಳಸಬಹುದಾದ ಕಳ್ಳ ತಂತ್ರಾಂಶಗಳು ಇಂದು ಮಾರಾಟಕ್ಕಿವೆ. ಅವುಗಳಲ್ಲಿ ಲುಮ್ಮಾ ಎಂಬುದೊಂದು. 2025ರ ಮಾರ್ಚ್ 16ರಿಂದ ಮೇ 16ರವರೆಗಿನ ಎರಡು ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಯಂತ್ರಗಳಲ್ಲಿ ಅದನ್ನು ಗುರುತಿಸಿದುದಾಗಿ ಮೈಕ್ರೋಸಾಫ್ಟ್ ಹೇಳಿತು. ಹಲವು ದೇಶಗಳ ಪೊಲೀಸರು ಕೂಡಿ ಅದರ ಜಾಲವನ್ನು ಮುರಿದರೂ ಕೆಲವೇ ವಾರಗಳಲ್ಲಿ ಅದು ಮತ್ತೆ ತಲೆಯೆತ್ತಿತು.

ಇಂಥವನು ಒಳಗೆ ಬರುವುದು ಹೇಗೆ? ಬಹುಪಾಲು ನಾವೇ ಬಾಗಿಲು ತೆರೆದು ಕರೆದುಕೊಳ್ಳುವುದರಿಂದ. ಇಪ್ಪತ್ತು ವರ್ಷಗಳ ಹಿಂದೆ ಉಚಿತ ಪರದೆಚಿತ್ರವೋ ಹಾಡು ಇಳಿಸುವ ತಂತ್ರಾಂಶವೋ ತನ್ನ ಜೊತೆಗೆ ಇನ್ನೆರಡನ್ನು ಕಟ್ಟಿಕೊಂಡು ಬರುತ್ತಿತ್ತು. ನಾವು ಓದದೆಯೇ ‘ಮುಂದೆ, ಮುಂದೆ’ ಎಂದು ಒತ್ತುತ್ತಿದ್ದೆವು, ಮರುದಿನ ಬ್ರೌಸರಿನ ಮುಖಪುಟವೇ ಬದಲಾಗಿರುತ್ತಿತ್ತು. ಆ ಕಾಲದ ಗೂಢಚಾರಿ ತಂತ್ರಾಂಶಗಳು ಹೆಚ್ಚಾಗಿ ಜಾಹೀರಾತಿಗಾಗಿ ನಮ್ಮ ಅಭಿರುಚಿಯನ್ನು ಕದಿಯುತ್ತಿದ್ದವು. ಇಂದಿನವು ನೇರವಾಗಿ ಪಾಸ್‌ವರ್ಡುಗಳಿಗೇ ಕೈಹಾಕುತ್ತವೆ.

ಎರಡನೆಯ ಹಾದಿ ಕದ್ದ ತಂತ್ರಾಂಶ. ಬಿಡಿಭಾಗ ಜೋಡಿಸಿ ಅಗ್ಗದಲ್ಲಿ ಯಂತ್ರ ಮಾಡಿಕೊಡುವ ಪದ್ಧತಿ ಚೆನ್ನೈಗೆ ಹೊಸದಲ್ಲ. ರಿಚ್ಚಿ ಸ್ಟ್ರೀಟಿನ ಹೆಸರು ಕೇಳದ ಚೆನ್ನೈ ಕನ್ನಡಿಗರು ಕಡಿಮೆ. ಜೋಡಿಸಿಕೊಡುವುದರಲ್ಲಿ ದೋಷವೇನೂ ಇಲ್ಲ. ಪರವಾನಗಿಯಿಲ್ಲದ ವಿಂಡೋಸನ್ನು ‘ಸಕ್ರಿಯ’ಗೊಳಿಸಲು ಬಳಸುವ ಸಾಧನಗಳಲ್ಲಿ ಅಪಾಯವಿದೆ. ಅಂಥ ಪ್ರಸಿದ್ಧ ಸಾಧನವಾದ ಕೆಎಂಎಸ್‌ಪಿಕೋದ ನಕಲಿ ಪ್ರತಿಗಳಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶ ಅಡಗಿದ್ದುದು 2021ರ ಡಿಸೆಂಬರಿನಲ್ಲಿ ಬೆಳಕಿಗೆ ಬಂತು. ಇದನ್ನು ಸ್ಥಾಪಿಸಬೇಕಾದರೆ ಮೊದಲು ವೈರಸ್ ನಿರೋಧಕವನ್ನು ಆರಿಸಬೇಕೆಂದು ಅದೇ ಸೂಚನೆ ಕೊಡುತ್ತದೆ. ಕಾವಲುಗಾರನನ್ನು ಮಲಗಿಸಿ ಬಾ ಎಂದು ಕಳ್ಳನೇ ಹೇಳಿದಂತಾಯಿತು.

ಕನ್ನಡಿಗರಿಗೆಂದೇ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಹೊರನಾಡಿನಲ್ಲಿ ಕನ್ನಡ ಬೆರಳಚ್ಚಿಸಬೇಕಾದಾಗ ನಾವು ನುಡಿಯನ್ನೋ ಬರಹವನ್ನೋ ಅಂತರ್ಜಾಲದಲ್ಲಿ ಹುಡುಕಿ, ಮೊದಲು ಕಂಡ ತಾಣದಿಂದ ಇಳಿಸಿಕೊಳ್ಳುತ್ತೇವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತವಾಗಿಯೇ ದೊರೆಯುವ ತಂತ್ರಾಂಶ. ಅದಕ್ಕೆ ಯಾರೋ ಅಪರಿಚಿತರ ತಾಣದ ‘ಇಳಿಸಿಕೊಳ್ಳುವ ಸಹಾಯಕ’ ಬೇಕಾಗಿಲ್ಲ. ಅಷ್ಟೇಕೆ, 2019ರ ಮೇ ತಿಂಗಳ ಪರಿಷ್ಕರಣೆಯಿಂದೀಚೆಗೆ ವಿಂಡೋಸಿನಲ್ಲಿಯೇ ಕನ್ನಡದ ಧ್ವನ್ಯಾತ್ಮಕ ಕೀಲಿಮಣೆ ಇದೆ. ಯೂನಿಕೋಡಿನಲ್ಲಿ ಬರೆಯುವವರು ಏನನ್ನೂ ಇಳಿಸಿಕೊಳ್ಳದೆಯೇ ಬರೆಯಬಹುದು.

ಮೂರನೆಯದು ಇತ್ತೀಚಿನದು, ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಕಪಟವಾದದ್ದು. ಒಂದು ಪುಟ ತೆರೆದೊಡನೆ ‘ನೀವು ಯಂತ್ರವಲ್ಲ, ಮನುಷ್ಯರೆಂದು ಸಾಬೀತುಪಡಿಸಿ’ ಎಂಬ ಚೌಕ ಕಾಣಿಸುತ್ತದೆ. ಅದನ್ನು ಒತ್ತಿದರೆ ಮೂರು ಹೆಜ್ಜೆಗಳ ಸೂಚನೆ ಬರುತ್ತದೆ: ವಿಂಡೋಸ್ ಕೀಲಿಯನ್ನೂ ‘ಆರ್’ ಕೀಲಿಯನ್ನೂ ಒಟ್ಟಿಗೆ ಒತ್ತಿ, ಕಂಟ್ರೋಲ್ ಮತ್ತು ‘ವಿ’ ಒತ್ತಿ, ಬಳಿಕ ಎಂಟರ್ ಒತ್ತಿ. ಆ ಪುಟವು ಅಷ್ಟರಲ್ಲಾಗಲೇ ನಮ್ಮ ಯಂತ್ರದ ನಕಲು ಸ್ಮೃತಿಯಲ್ಲಿ ಒಂದು ಆಜ್ಞೆಯನ್ನು ತುಂಬಿರುತ್ತದೆ. ಅದನ್ನು ಅಂಟಿಸಿ ಚಾಲೂ ಮಾಡುವವರು ಸ್ವತಃ ನಾವು. ಯಂತ್ರದ ಯಜಮಾನರೇ ಆಜ್ಞೆ ಕೊಟ್ಟಂತೆ ತೋರುವುದರಿಂದ ಕಾವಲು ತಂತ್ರಾಂಶಕ್ಕೂ ಅನುಮಾನ ಬಾರದೆ ಹೋಗಬಹುದು. 2024ರಿಂದ ಲುಮ್ಮಾ ಹರಡಿದ ಹಾದಿಗಳಲ್ಲಿ ಇದೂ ಒಂದು. ನಿಜವಾದ ಯಾವ ಪರೀಕ್ಷೆಯೂ ಇಂಥ ಕೀಲಿಗಳನ್ನು ಒತ್ತಿಸುವುದಿಲ್ಲ. ಈ ಒಂದು ವಾಕ್ಯವನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ಇಂದೇ ಓದಿಹೇಳಬೇಕೆಂದು ಕೋರುತ್ತೇವೆ.

ಒಳಹೊಕ್ಕವನು ಏನನ್ನು ಒಯ್ಯುತ್ತಾನೆಂಬುದನ್ನು ತಿಳಿಯದೆ ಅವನನ್ನು ಹೊರಹಾಕುವ ಮಾತು ಅರ್ಥವಾಗದು. ಬ್ರೌಸರಿನಲ್ಲಿ ‘ನೆನಪಿಟ್ಟುಕೋ’ ಎಂದು ಬಿಟ್ಟ ಪಾಸ್‌ವರ್ಡುಗಳು ಮೊದಲ ಬೇಟೆ. ಅದಕ್ಕಿಂತ ಬೆಲೆಯುಳ್ಳದ್ದು ಕುಕಿ ಎಂಬ ಪುಟ್ಟ ಕಡತ. ಚಿತ್ರಮಂದಿರದಲ್ಲಿ ಮಧ್ಯಂತರಕ್ಕೆ ಹೊರಗೆ ಹೋದವರು ಅರ್ಧ ಹರಿದ ಟಿಕೆಟ್ಟನ್ನು ತೋರಿಸಿ ಮತ್ತೆ ಒಳಗೆ ಬರುತ್ತಿದ್ದುದು ನೆನಪಿದೆಯಲ್ಲವೇ? ಕುಕಿಯೂ ಅಂಥದೇ. ನಾವು ಪಾಸ್‌ವರ್ಡ್ ಕೊಟ್ಟು, ಓಟಿಪಿ ಕೊಟ್ಟು ಒಮ್ಮೆ ಮಿಂಚಂಚೆಯ ಒಳಹೊಕ್ಕರೆ, ಮತ್ತೆ ಮತ್ತೆ ಕೇಳದಿರಲೆಂದು ತಾಣವು ಅದನ್ನು ಕೊಟ್ಟಿರುತ್ತದೆ. ಆ ಅರ್ಧ ಟಿಕೆಟ್ಟನ್ನು ಕದ್ದವನಿಗೆ ಹಲವು ವೇಳೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಓಟಿಪಿ ಇದೆಯೆಂದು ನಿಶ್ಚಿಂತರಾಗಿರುವವರು ಇದನ್ನು ಗಮನಿಸಬೇಕು.

ಹಳೆಯ ಕಾಲದಲ್ಲಿ ಸೋಂಕಿನ ಲಕ್ಷಣಗಳು ಎದ್ದುಕಾಣುತ್ತಿದ್ದವು: ಯಂತ್ರ ಆಮೆಯಾಗುವುದು, ಜಾಹೀರಾತುಗಳ ಸುರಿಮಳೆ. ಈಗಿನವು ಕೆಲವೇ ನಿಮಿಷಗಳಲ್ಲಿ ದೋಚಿ, ತಮ್ಮನ್ನು ತಾವೇ ಅಳಿಸಿಕೊಂಡು ಹೋಗುವುದೂ ಉಂಟು. ಎಲ್ಲಿಂದಲೋ ನಿಮ್ಮ ಮಿಂಚಂಚೆಗೆ ಪ್ರವೇಶವಾದ ಸೂಚನೆ, ನೀವು ಸೇರಿಸದ ಬ್ರೌಸರ್ ಸೇರ್ಪಡೆ, ತಾನಾಗಿ ಆರಿಹೋದ ವೈರಸ್ ನಿರೋಧಕ: ಇವುಗಳಲ್ಲಿ ಒಂದು ಕಂಡರೂ ಶಂಕಿಸಬೇಕು.

ಶಂಕೆ ಬಂದಾಗ ಮೊದಲು ಅಂತರ್ಜಾಲದ ಸಂಪರ್ಕ ಕಡಿಯಿರಿ. ರೂಟರಿನ ತಂತಿ ಕಿತ್ತರೂ ಸರಿ. ಆ ಬಳಿಕ ಬಹುತೇಕರು ಯಂತ್ರ ಶುದ್ಧಿಗೆ ಕುಳಿತುಬಿಡುತ್ತಾರೆ. ಇನ್ನು ಕೆಲವರು ಅದೇ ಯಂತ್ರದಲ್ಲಿ ಪಾಸ್‌ವರ್ಡ್ ಬದಲಿಸಿ, ಹೊಸದನ್ನೂ ಕಳ್ಳನಿಗೆ ಒಪ್ಪಿಸುತ್ತಾರೆ. ಯಂತ್ರವನ್ನು ಹಾಗೆಯೇ ಬಿಟ್ಟು, ಸೋಂಕಿಲ್ಲದ ಬೇರೊಂದು ಸಾಧನದಿಂದ ಮೊದಲು ಮಿಂಚಂಚೆಯ, ನಂತರ ಬ್ಯಾಂಕಿನ, ಆಮೇಲೆ ಉಳಿದವುಗಳ ಪಾಸ್‌ವರ್ಡ್ ಬದಲಿಸಬೇಕು. ಮಿಂಚಂಚೆಗೆ ಮೊದಲ ಸ್ಥಾನವೇಕೆಂದರೆ ಉಳಿದ ಬಹುತೇಕ ಖಾತೆಗಳ ಪಾಸ್‌ವರ್ಡನ್ನು ಅದರ ಮೂಲಕವೇ ಬದಲಿಸಬಹುದು. ಜೊತೆಗೆ ‘ಎಲ್ಲ ಸಾಧನಗಳಿಂದ ನಿರ್ಗಮಿಸು’ ಎಂಬ ಆಯ್ಕೆಯನ್ನು ತಪ್ಪದೆ ಒತ್ತಬೇಕು. ಅರ್ಧ ಟಿಕೆಟ್ಟು ರದ್ದಾಗುವುದು ಆಗಲೇ.

ಈಗ ಯಂತ್ರದ ಸರದಿ. ಓಡುತ್ತಿರುವ ಗೂಢಚಾರಿ ತಂತ್ರಾಂಶ ತನ್ನನ್ನು ಮರೆಮಾಡಿಕೊಳ್ಳಬಲ್ಲದು. ಆದ್ದರಿಂದ ವಿಂಡೋಸ್ ಏಳುವ ಮೊದಲೇ ಶೋಧಿಸುವುದು ಮೇಲು. ವಿಂಡೋಸ್ ಸೆಕ್ಯುರಿಟಿಯ ವೈರಸ್ ವಿಭಾಗದಲ್ಲಿ, ಸ್ಕ್ಯಾನ್ ಆಪ್ಷನ್ಸ್ ಅಡಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಎಂಬುದಿದೆ. ಅದನ್ನು ಆರಿಸಿದರೆ ಯಂತ್ರ ಮರುಚಾಲನೆಗೊಂಡು ಸುಮಾರು ಕಾಲು ಗಂಟೆ ಶೋಧಿಸುತ್ತದೆ. ಬಳಿಕ ಸ್ಥಾಪಿತ ತಂತ್ರಾಂಶಗಳ ಪಟ್ಟಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ, ಬ್ರೌಸರಿನ ಸೇರ್ಪಡೆಗಳು ಇವುಗಳಲ್ಲಿ ಅಪರಿಚಿತವಾದುದನ್ನು ತೆಗೆಯಿರಿ. ಎರಡನೆಯ ಅಭಿಪ್ರಾಯ ಬೇಕೆಂದರೆ ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಉಚಿತ ಶುದ್ಧಿಸಾಧನಗಳು ದೊರೆಯುತ್ತವೆ. ‘ಗೂಢಚಾರಿ ನಿವಾರಕ’ ಎಂದು ಅಂತರ್ಜಾಲದಲ್ಲಿ ಹುಡುಕಿ ಮೇಲೆ ಕಂಡ ಜಾಹೀರಾತನ್ನು ಒತ್ತಬಾರದು. ನಿವಾರಕದ ವೇಷದಲ್ಲಿ ಮತ್ತೊಬ್ಬ ಗೂಢಚಾರ ಬರುವುದು ಬಹಳ ಹಳೆಯ ಆಟ.

ಇಷ್ಟಾದರೂ ಮನಸ್ಸಿಗೆ ಸಮಾಧಾನವಾಗದಿದ್ದರೆ, ನಮ್ಮ ಸಲಹೆ ಖಚಿತ: ಪತ್ರಗಳು ಮತ್ತು ಛಾಯಾಚಿತ್ರಗಳನ್ನಷ್ಟೇ ಹೊರಗಿನ ಡಿಸ್ಕಿಗೆ ತೆಗೆದಿಟ್ಟು, ವಿಂಡೋಸನ್ನು ಮೈಕ್ರೋಸಾಫ್ಟಿನ ತಾಣದಿಂದಲೇ ಪಡೆದು ಹೊಸದಾಗಿ ಸ್ಥಾಪಿಸಿ. ಒಂದು ಭಾನುವಾರ ಹೋದೀತು, ಆದರೆ ವಾರಗಟ್ಟಲೆ ಅನುಮಾನದಲ್ಲಿ ಬದುಕುವುದಕ್ಕಿಂತ ಅದು ಲೇಸು. ಹಣ ಹೋಗಿದೆಯೆಂದು ಕಂಡರೆ ಶುದ್ಧೀಕರಣಕ್ಕೂ ಮೊದಲು ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆಮಾಡಿ. ಬ್ಯಾಂಕಿನ ತಪ್ಪೂ ಗ್ರಾಹಕರ ತಪ್ಪೂ ಇಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಹೇಳಿತ್ತು. ಪೊಲೀಸರಿಗೆ ತೋರಿಸಲು ಬ್ಯಾಂಕಿನ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಹೊಸದಾಗಿ ಸ್ಥಾಪಿಸುವವರು ಇನ್ನೊಂದನ್ನು ನೋಡಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷಾ ಪರಿಷ್ಕರಣೆಗಳನ್ನು ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸಬಹುದು. ಅದರಲ್ಲಿಯೂ ಕನ್ನಡ ಬರೆಯಲು ಸಾಧ್ಯ.

ಕೊನೆಯದಾಗಿ, ಹೊಸ ಯಂತ್ರದಲ್ಲಿ ಕೂಡಂಕುಳಂನ ಗೋಡೆಯಂಥದೊಂದನ್ನು ಕಾಸು ಖರ್ಚಿಲ್ಲದೆ ಎಬ್ಬಿಸಬಹುದು. ತಾತನವರಿಗೆ, ಸೊಸೆಗೆ, ಮೊಮ್ಮಗಳಿಗೆ ಬೇರೆ ಬೇರೆ ಬಳಕೆದಾರ ಖಾತೆಗಳಿರಲಿ, ಅವೆಲ್ಲವೂ ಸಾಮಾನ್ಯ ಖಾತೆಗಳಾಗಿರಲಿ. ತಂತ್ರಾಂಶ ಸ್ಥಾಪಿಸುವ ಅಧಿಕಾರವುಳ್ಳ ಖಾತೆ ಪ್ರತ್ಯೇಕವಾಗಿದ್ದು, ಅದರ ಪಾಸ್‌ವರ್ಡ್ ಮನೆಯ ಹಿರಿಯರೊಬ್ಬರ ಬಳಿ ಇರಲಿ. ಮೊಮ್ಮಗಳು ಇಳಿಸಿಕೊಂಡ ಆಟ ತನ್ನ ಖಾತೆಯಲ್ಲಿದ್ದುದನ್ನು ಕದ್ದೀತು. ತಾತನವರ ಪಿಂಚಣಿಯ ಕಡತಕ್ಕೂ ಸೊಸೆಯ ಬ್ಯಾಂಕ್ ಪಾಸ್‌ವರ್ಡಿಗೂ ಕೈಹಾಕಬೇಕಾದರೆ ಅದು ಆ ಹಿರಿಯರ ಪಾಸ್‌ವರ್ಡನ್ನು ಕೇಳಬೇಕಾಗುತ್ತದೆ, ಆಗ ಕೊಡುವ ಮೊದಲು ಮನೆಯಲ್ಲಿ ಒಂದು ಮಾತು ನಡೆಯುತ್ತದೆ.