ಮಾಲೆ ತೆಗೆದ ಮರುದಿನ

ಕಾರ್ತಿಕ ಮಾಸದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಬೀದಿಗಳಲ್ಲಿ ಕಪ್ಪು ಬಟ್ಟೆ ತೊಟ್ಟವರು ಕಾಣಿಸಿಕೊಳ್ಳುತ್ತಾರೆ. ಬರಿಗಾಲು, ಕೊರಳಲ್ಲಿ ಅಯ್ಯಪ್ಪನ ಮಾಲೆ, ಹಣೆಯಲ್ಲಿ ಗಂಧ. ಅವರಲ್ಲಿ ಕೆಲವರು ಊರಿಗೆಲ್ಲ ಗೊತ್ತಿರುವವರು. ಹಿಂದಿನ ವಾರದವರೆಗೆ ಸಂಜೆಯಾದರೆ ಬಾರಿನ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಸಿಗುತ್ತಿದ್ದವರು. ಮಾಲೆ ಬಿದ್ದ ದಿನದಿಂದ ನಸುಕಿಗೇ ತಣ್ಣೀರು ಸ್ನಾನ, ಸಂಜೆ ಭಜನೆ, ರಾತ್ರಿ ಚಾಪೆಯ ಮೇಲೆ ನಿದ್ದೆ. 41 ದಿನ ಒಂದು ಹನಿ ಮುಟ್ಟುವುದಿಲ್ಲ.

ಮಳವಳ್ಳಿ ಕಡೆಯ ನಮ್ಮ ಚಿಕ್ಕಪ್ಪ ಹೀಗೆ ಐದು ವರ್ಷ ಮಾಲೆ ಹಾಕಿದರು. ಐದು ವರ್ಷವೂ ಕುಡಿತ ಬಿಟ್ಟರು. ಐದು ವರ್ಷವೂ ಶಬರಿಮಲೆಯಿಂದ ಬಂದು ಮಾಲೆ ತೆಗೆದು ಎರಡು ದಿನವಾಗುವಷ್ಟರಲ್ಲಿ ಮತ್ತೆ ಕುಡಿದರು. ಭಕ್ತಿ ಸಾಲದು ಎಂದು ಮನೆಯವರು ಬೈದರು. ನಾನೂ ಬೈದೆ. ಈಗ ಯೋಚಿಸಿದರೆ ಬೈಯಬಾರದಿತ್ತು ಅನ್ನಿಸುತ್ತದೆ. ಒಂದು ಸಂಜೆಯನ್ನೂ ಕುಡಿಯದೆ ಕಳೆಯಲಾರದ ಮನುಷ್ಯ 41 ಸಂಜೆಗಳನ್ನು ಕಳೆದದ್ದು ಹೇಗೆ ಎಂದು ನಾವು ಕೇಳಬೇಕಿತ್ತು. ಆ ಉತ್ತರದಲ್ಲಿ 42ನೇ ಸಂಜೆಗೆ ಬೇಕಾದದ್ದೂ ಇತ್ತು.

ಮಾಲೆಧಾರಿಗೆ ಒಬ್ಬ ಗುರುಸ್ವಾಮಿ ಇರುತ್ತಾರೆ. ಹಲವು ಸಲ ಬೆಟ್ಟ ಹತ್ತಿಳಿದವರು. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಮನೆಗೆ ಹೋಗಬಾರದು ಎಂದು ಅವರು ಹೇಳುತ್ತಾರೆ. ಭಜನೆಗೆ ಬರದಿದ್ದರೆ ಮನೆಗೆ ಆಳು ಕಳಿಸುತ್ತಾರೆ. ಮೊದಲ ಸಲ ಮಾಲೆ ಹಾಕಿದ ಕನ್ನಿಸ್ವಾಮಿಯ ಕಾಲಲ್ಲಿ ಬೊಬ್ಬೆ ಎದ್ದರೆ ಅದಕ್ಕೇನು ಹಚ್ಚಬೇಕೆಂಬುದೂ ಅವರಿಗೆ ಗೊತ್ತು, ಏಕೆಂದರೆ ಅವರ ಕಾಲಲ್ಲೂ ಎದ್ದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನೆಯವರೆಗೆ ಊರು ‘ಕುಡುಕ’ ಎಂದು ಕರೆಯುತ್ತಿದ್ದವನನ್ನು ಇವತ್ತು ಅದೇ ಊರು ‘ಸ್ವಾಮಿ’ ಎನ್ನುತ್ತದೆ. ಹೆಂಡತಿ ಮಕ್ಕಳೂ ಹಾಗೇ ಕರೆಯುತ್ತಾರೆ. ಮಾಲೆ ತೆಗೆದ ದಿನ ಗುರುಸ್ವಾಮಿ ತಮ್ಮ ಮನೆಗೆ ಹೋಗುತ್ತಾರೆ, ಭಜನೆಯ ಚಪ್ಪರ ಬಿಚ್ಚುತ್ತಾರೆ, ಹೆಸರು ಮೊದಲಿನಂತಾಗುತ್ತದೆ. ಸಂಜೆ ಆರು ಗಂಟೆ ಮಾತ್ರ ಹಾಗೇ ಬಂದು ನಿಲ್ಲುತ್ತದೆ.

ಕುಡಿತ ಬಿಡಿಸುವ ವೈಯಕ್ತಿಕ ಮಾರ್ಗದರ್ಶನ ಎಂದು ಈಗ ಯಾವುದನ್ನು ಕರೆಯುತ್ತಾರೋ, ಪೇಟೆಯಲ್ಲಿ ‘ಕೋಚಿಂಗ್’ ಎಂಬ ಹೆಸರಿನಲ್ಲಿ ಯಾವುದು ನಡೆಯುತ್ತದೋ, ಅದರ ತಿರುಳು ಇಷ್ಟೇ. ಗೊತ್ತಿರುವ ಒಬ್ಬ ಮನುಷ್ಯ, ದಿನವೂ ಅಥವಾ ವಾರವಾರವೂ, ತಿಂಗಳುಗಟ್ಟಲೆ, ಮರ್ಯಾದೆ ಕೊಟ್ಟು ಜೊತೆಗಿರುವುದು. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ನಮ್ಮಲ್ಲಿ ಅದು 41 ದಿನಕ್ಕೆ ಮುಗಿದುಹೋಗುತ್ತದೆ, ಅಷ್ಟೇ ಕೊರತೆ.

ಕರ್ನಾಟಕದಲ್ಲಿ ಮದ್ಯದ ವಿರುದ್ಧ ನಡೆದ ದೊಡ್ಡ ಹೋರಾಟಗಳೆಲ್ಲ ಸರಕನ್ನೇ ಗುರಿಯಾಗಿಸಿಕೊಂಡವು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರ ಕಡಿದರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಆ ನಡಿಗೆಗೆ ನನ್ನ ಪೂರ್ಣ ಗೌರವವಿದೆ. ಆದರೆ ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ, ಬ್ರಾಂದಿ ಬಂದು ಕೂತದ್ದನ್ನು ನಮ್ಮ ಹಳ್ಳಿಗಳು ಕಣ್ಣಾರೆ ಕಂಡಿವೆ. ಅಂಗಡಿ ಮುಚ್ಚಿದರೂ ತೆರೆದರೂ ಒಳಗೆ ನಡುಗುವ ಆ ಒಬ್ಬ ಮನುಷ್ಯನ ಜೊತೆ ಯಾರು ಕೂರಬೇಕು ಎಂಬ ಪ್ರಶ್ನೆ ಉಳಿದೇ ಇದೆ.

ಅದಕ್ಕೆ ಕೈಹಾಕಿದವರಲ್ಲಿ ಮೊದಲು ಹೇಳಬೇಕಾದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳನ್ನು. ಕಲ್ಯಾಣ ಮಂಟಪ, ಸಮುದಾಯ ಭವನಗಳಲ್ಲಿ ಎಂಟು ದಿನ ನಡೆಯುವ ಈ ಶಿಬಿರಗಳು ನಮ್ಮ ಜಿಲ್ಲೆಗೂ ಬಂದಿವೆ. ಯೋಗ, ಭಜನೆ, ಆಪ್ತ ಸಮಾಲೋಚನೆ, ಮನೆಯವರ ಭೇಟಿ ಎಲ್ಲವೂ ಅಲ್ಲಿರುತ್ತದೆ. ಎಂಟನೇ ದಿನ ಹಾರ ಹಾಕಿಸಿಕೊಂಡು, ತಲೆ ಎತ್ತಿ ಮನೆಗೆ ಬರುವ ಗಂಡಸರ ಮುಖ ನೋಡಿದವರು ಅದನ್ನು ಮರೆಯಲಾರರು. ಆ ಶಿಬಿರಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಅನ್ನಿಸುವುದು ಮಾತ್ರ ಶಿಬಿರ ಮುಗಿದ ಮೇಲಿನ ಏರ್ಪಾಡು: ಬಿಟ್ಟವರೇ ಸೇರಿ ಮಾಡಿಕೊಳ್ಳುವ ನವಜೀವನ ಸಮಿತಿ. ಹಳಬರು ಹೊಸಬರನ್ನು ನೋಡಿಕೊಳ್ಳುವ ಕ್ರಮ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯಾಪಾರಿ, ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ಹಾಳಾದವರು, ಎದುರುಬದುರು ಕೂತು ಮಾತಾಡಿ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗ ಹುಟ್ಟಿದ್ದೂ ಇದೇ ತಿಳಿವಳಿಕೆಯಿಂದ. ಸಮಿತಿ ಚುರುಕಾಗಿರುವ ಊರಿನಲ್ಲಿ ಬಿಟ್ಟವರಿಗೆ ಆಸರೆ ಸಿಗುತ್ತದೆ. ಸಭೆ ತಪ್ಪತೊಡಗಿದ ಕಡೆ ಎಂಟು ದಿನದ ಗಳಿಕೆ ಒಂದು ಬೀಗರೂಟಕ್ಕೆ ಕೊಚ್ಚಿಹೋಗುತ್ತದೆ.

ಬೀಗರೂಟ ಎಂದದ್ದು ಸುಮ್ಮನೆ ಅಲ್ಲ. ಮಂಡ್ಯ ಸೀಮೆಯಲ್ಲಿ ಕುಡಿತಕ್ಕೆ ಒಂದು ಪಂಚಾಂಗವೇ ಇದೆ. ಮದುವೆಯಾದ ಮೇಲೆ ಬಾಡೂಟ, ಹನ್ನೊಂದನೇ ದಿನದ ತಿಥಿ, ಮಾರಿಹಬ್ಬ, ಕಾರ್ಖಾನೆಯಿಂದ ಕಬ್ಬಿನ ದುಡ್ಡು ಕೈಗೆ ಬಂದ ದಿನ, ಬರದೆ ಸತಾಯಿಸಿದ ತಿಂಗಳು. ಆಲೆಮನೆಯಲ್ಲಿ ಕೊಪ್ಪರಿಗೆಯ ಉರಿಗೆ ಮೈಯೊಡ್ಡಿ ದುಡಿದವನಿಗೆ ಸಂಜೆ ‘ಒಂದು ನೈಂಟಿ ಹಾಕಿದ್ರೆ ಮೈ ನೋವು ಹೋಯ್ತದೆ’ ಎನ್ನುವ ಮಾತು ಔಷಧಿಯ ಚೀಟಿಯಂತೆ ಕೇಳಿಸುತ್ತದೆ. ಬೆಂಗಳೂರಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ಸಲಹೆ ಕೊಡುವವರಿಗೆ ಈ ಪಂಚಾಂಗ ಗೊತ್ತಿರುವುದಿಲ್ಲ. ಅದೇ ಓಣಿಯವನಿಗೆ ಗೊತ್ತಿರುತ್ತದೆ. ಮುಂದಿನ ಭಾನುವಾರ ಬಾವಮೈದನ ಮನೆಯಲ್ಲಿ ಊಟವಿದೆ, ಅಲ್ಲಿ ಯಾರು ಗ್ಲಾಸು ಹಿಡಿದು ‘ನಮ್ ಮರ್ಯಾದೆ ಉಳ್ಸು ಮಾವ’ ಎಂದು ಒತ್ತಾಯ ಮಾಡುತ್ತಾರೆ ಎಂಬುದೂ ಗೊತ್ತಿರುತ್ತದೆ.

ನಮ್ಮ ಚಿಕ್ಕಪ್ಪನಿಗೆ ಸಿಕ್ಕಿದ್ದು ಅಂಥ ಒಬ್ಬರು. ಪಕ್ಕದ ಬೀದಿಯ ಟೈಲರ್. ಅವರು ಒಂಬತ್ತು ವರ್ಷದ ಹಿಂದೆ ಬಿಟ್ಟವರು. ಮೊದಲ ದಿನ ಅವರು ಚಿಕ್ಕಪ್ಪನಿಗೆ ಉಪದೇಶ ಮಾಡಲಿಲ್ಲ. ಜಗಲಿಯ ಮೇಲೆ ಕೂತು, “ನೆನ್ನೆ ಎಷ್ಟೊತ್ತಿಗೆ ಬೇಕು ಅನ್ನಿಸ್ತಣ್ಣ?” ಎಂದು ಕೇಳಿದರು. ಆ ಮನೆಯಲ್ಲಿ ಹಾಗೆ ಯಾರೂ ಕೇಳಿರಲಿಲ್ಲ. “ಇವತ್ತೂ ಕುಡ್ಕೊಂಡ್ ಬಂದ್ಯಾ?” ಎಂಬುದೊಂದೇ ಅಲ್ಲಿ ಕೇಳಿಬರುತ್ತಿದ್ದ ಪ್ರಶ್ನೆ. ಚಿಕ್ಕಪ್ಪ ಬಹಳ ಹೊತ್ತು ಸುಮ್ಮನಿದ್ದು, “ಪಂಪ್‌ಸೆಟ್ ಆಫ್ ಮಾಡಿ ಬರೋವಾಗ” ಎಂದರು. ಗದ್ದೆಯಿಂದ ಮನೆಗೆ ಬರುವ ದಾರಿಯಲ್ಲೇ ಅಂಗಡಿ. ಮರುದಿನದಿಂದ ಟೈಲರ್ ಆ ಹೊತ್ತಿಗೆ ಸರಿಯಾಗಿ ಮಿಷನ್ ನಿಲ್ಲಿಸಿ ಗದ್ದೆಯ ಬದುವಿಗೆ ಹೋಗಿ ನಿಂತರು. ಇಬ್ಬರೂ ನಾಲೆ ಏರಿಯ ಮೇಲೆ ಸುತ್ತು ಬಳಸಿ ಮನೆಗೆ ಬಂದರು. ಅರ್ಧ ಗಂಟೆ ಹೆಚ್ಚು ನಡಿಗೆ. ಆ ಅರ್ಧ ಗಂಟೆಯೇ ಚಿಕಿತ್ಸೆ.

ಇದು ಒಬ್ಬರ ಮನೆಯ ಕಥೆಯಾಯಿತು ಎನ್ನುವವರಿಗೆ ಗೋವಾದ ಅಧ್ಯಯನವನ್ನು ತೋರಿಸಬೇಕು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಅಪಾಯದ ಮಟ್ಟದಲ್ಲಿ ಕುಡಿಯುತ್ತಿದ್ದ 377 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ಹೆಚ್ಚೆಂದರೆ ನಾಲ್ಕು ಸಲ ಮಾತುಕತೆ. ಮಾತಾಡಿಸಿದವರು ವೈದ್ಯರಲ್ಲ, ಮನಃಶಾಸ್ತ್ರದ ಪದವಿ ಪಡೆದವರೂ ಅಲ್ಲ. ತರಬೇತಿ ಕೊಟ್ಟ ಸ್ಥಳೀಯರು. ಮೂರು ತಿಂಗಳ ನಂತರ ಮಾತುಕತೆ ಸಿಕ್ಕ ಗುಂಪಿನಲ್ಲಿ ಶೇ 36ರಷ್ಟು ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು, ಇನ್ನೊಂದರಲ್ಲಿ ಶೇ 26. ಹಿಂದಿನ ಹದಿನಾಲ್ಕು ದಿನ ಒಮ್ಮೆಯೂ ಕುಡಿದಿಲ್ಲ ಎಂದವರು ಶೇ 42, ಇನ್ನೊಂದು ಗುಂಪಿನಲ್ಲಿ ಶೇ 18. ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಈ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ವಾದ ಹೂಡದೆ, ‘ಬಿಡಬೇಕು’ ಎಂಬ ಮಾತನ್ನು ಕುಡಿಯುವವನ ಬಾಯಿಂದಲೇ ಹೊರಡಿಸುವ ಕ್ರಮವನ್ನು ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಷ್ಟು ಹಿಂದೆಯೇ ಬರೆದಿದ್ದರು. ನಮ್ಮ ಟೈಲರ್ ಅದನ್ನು ಓದಿದವರಲ್ಲ. ತಾವು ಬೈಗುಳ ತಿಂದ ದಿನಗಳಿಂದ ಕಲಿತವರು.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಗೋವಾದ ಆ ಗಂಡಸರು ಕುಡಿತಕ್ಕೆ ಪೂರ್ತಿ ಅಡಿಯಾಳಾದವರಲ್ಲ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವ, ಕುಡಿದ ಮೇಲಷ್ಟೇ ನಡುಕ ನಿಲ್ಲುವ ಮನುಷ್ಯನಿಗೆ ಬರಿ ಮಾತು ಸಾಲದು. ಅಂಥವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವವೇ ಹೋಗಬಹುದು. ಮಾಲೆ ಹಾಕಿದ ಮೂರನೇ ದಿನ ‘ಮೈಮೇಲೆ ಬಂತು’ ಎಂದು ಜನ ಕೈಮುಗಿದು ನಿಲ್ಲುವ ಕಡೆ ಒಮ್ಮೊಮ್ಮೆ ಬೇಕಾಗಿರುವುದು ಆಂಬುಲೆನ್ಸ್. ಹಾಗಾಗಿ ಜೊತೆಗಾರನಿಗೆ ಕಲಿಸಬೇಕಾದ ಮೊದಲ ಪಾಠ, ತಾನು ಯಾವಾಗ ಹಿಂದೆ ಸರಿದು ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದು. ಮಂಡ್ಯದ ಮಿಮ್ಸ್ ಆಸ್ಪತ್ರೆ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕನ್ನಡದಲ್ಲೇ ಮಾತಾಡುವ ಟೆಲಿ ಮನಸ್ ಸಹಾಯವಾಣಿ 14416 ಹಗಲುರಾತ್ರಿ ಇರುತ್ತದೆ.

ಇನ್ನೂ ಒಂದು. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ‘ಅವರಿಗೆ ಗೊತ್ತಿಲ್ಲದಂತೆ ಕುಡಿತ ಬಿಡಿಸಿ’ ಎಂಬ ಚೀಟಿಗಳನ್ನು ನೋಡಿರುತ್ತೀರಿ. ಸಾರಿನಲ್ಲಿ ಕದ್ದು ಬೆರೆಸುವ ಪುಡಿ, ಮಾತ್ರೆಗಳ ವ್ಯಾಪಾರ ಅದು. ಡೈಸಲ್ಫಿರಾಮ್‌ನಂಥ ಮಾತ್ರೆ ಮೈಯಲ್ಲಿದ್ದಾಗ ಕುಡಿದರೆ ಎದೆ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಸಾವೂ ಆಗಬಹುದು. ವೈದ್ಯರು ಅದನ್ನು ಕೊಡುವುದು ರೋಗಿಗೆ ತಿಳಿಸಿ, ಒಪ್ಪಿಸಿ. ಕೋಚಿಂಗ್ ಹೆಸರಿನಲ್ಲೂ ಇಂಥ ವ್ಯಾಪಾರ ಬೆಳೆಯಬಹುದು, ಏಕೆಂದರೆ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ನಮ್ಮಲ್ಲಿ ಪರವಾನಗಿ ಬೇಕಿಲ್ಲ. ಮುಂಗಡ ದುಡ್ಡು ಕೇಳಿ, 21 ದಿನಕ್ಕೆ ಗ್ಯಾರಂಟಿ ಎನ್ನುವವರಿಂದ ದೂರವಿರಿ. ಕುಡಿತದಲ್ಲಿ ಗ್ಯಾರಂಟಿ ಎಂಬುದಿಲ್ಲ. ಮೊದಲ ವರ್ಷ ಎಡವುವುದು ಸಾಮಾನ್ಯ. ಎಡವಿದ ರಾತ್ರಿ ಫೋನ್ ಎತ್ತುವವನೇ ನಿಜವಾದ ಜೊತೆಗಾರ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ಅಡಿಯಾಳಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಗುತ್ತದೆ. ಉಳಿದ 37 ಮಂದಿಗೆ ಆಣೆ, ಬೈಗುಳ, ಪುಡಿ. ಇತ್ತ ರಾಜ್ಯ ಸರ್ಕಾರ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40 ಸಾವಿರ ಕೋಟಿ ರೂಪಾಯಿ ನಿರೀಕ್ಷಿಸಿತ್ತು. ಒಂದು ಸರಳ ಲೆಕ್ಕ ಹಾಕಿ ನೋಡೋಣ. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಪಂಚಾಯಿತಿಗೆ ಒಬ್ಬರಂತೆ, ಕುಡಿತ ಬಿಟ್ಟು ಕೆಲವು ವರ್ಷ ಕಳೆದವರನ್ನು ಆರಿಸಿ, ತರಬೇತಿ ಕೊಟ್ಟು, ತಿಂಗಳಿಗೆ ಹತ್ತು ಸಾವಿರ ರೂಪಾಯಿ ಗೌರವಧನ ಕೊಟ್ಟರೆ ವರ್ಷಕ್ಕೆ 72 ಕೋಟಿ. ಅಬಕಾರಿಯಿಂದ ಬರುವ ನೂರು ರೂಪಾಯಿಯಲ್ಲಿ 18 ಪೈಸೆ. ಇಷ್ಟನ್ನೂ ಎತ್ತಿಡಲಾಗದು ಎಂದು ಯಾವ ಹಣಕಾಸು ಇಲಾಖೆಯೂ ಹೇಳಲಾರದು. ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಮೊದಲು ಒಂದು ವರ್ಷ ಮಾಡಿ ನೋಡಲಿ. ನವಜೀವನ ಸಮಿತಿಗಳಲ್ಲಿ ಈ ಕೆಲಸಕ್ಕೆ ಒದಗುವ ಜನ ಇದ್ದಾರೆ. ಜಾಗ ಹುಡುಕಬೇಕಿಲ್ಲ, ಊರೂರಿನ ಹಾಲಿನ ಡೈರಿಯ ಬಳಿ ದಿನಕ್ಕೆರಡು ಸಲ ಜನ ಸೇರುತ್ತಾರೆ, ಅದರಲ್ಲೊಂದು ಸರಿಯಾಗಿ ಆ ಕೆಟ್ಟ ಸಂಜೆಯ ಹೊತ್ತಿಗೇ.

ಇಂಥ ಜೊತೆಗಾರ ಬಂದರೆ ಹಗುರಾಗುವವರು ಇನ್ನೊಬ್ಬರಿದ್ದಾರೆ. ಇಷ್ಟು ವರ್ಷ ಸಂಬಳವಿಲ್ಲದೆ, ತರಬೇತಿಯಿಲ್ಲದೆ, ಏಟು ತಿಂದುಕೊಂಡು ಈ ಕೆಲಸ ಮಾಡಿದವರು ಹೆಂಡತಿಯರು. ಜೇಬು ತಡಕುವುದು, ಅಕ್ಕಿ ಡಬ್ಬಿಯಲ್ಲಿ ದುಡ್ಡು ಬಚ್ಚಿಡುವುದು, ಅಂಗಿ ಮೂಸುವುದು, ಬೈಕಿನ ಸದ್ದಿನಿಂದಲೇ ಇವತ್ತು ಎಷ್ಟು ಕುಡಿದಿದ್ದಾನೆಂದು ಅಳೆಯುವುದು. ಗಂಡನನ್ನು ಕಾಯುವುದು ತನ್ನ ಹೊಣೆಯೆಂದೂ ಅವನು ಕುಡಿದರೆ ತನ್ನ ತಪ್ಪೆಂದೂ ಆ ಹೆಣ್ಣುಮಕ್ಕಳನ್ನು ನಂಬಿಸಿದ್ದೇವೆ. ನಮ್ಮ ಚಿಕ್ಕಮ್ಮ ಇಪ್ಪತ್ತು ವರ್ಷ ಸಂಜೆ ಆರರ ನಂತರ ಬಾಗಿಲ ಕಡೆಗೆ ಬೆನ್ನು ಮಾಡಿ ಕೂತವರಲ್ಲ. ಟೈಲರ್ ಬರತೊಡಗಿ ನಾಲ್ಕನೇ ತಿಂಗಳಿಗೆ ಚಿಕ್ಕಪ್ಪ ಒಂದು ಸಲ ಎಡವಿದರು, ತಿಥಿಯೊಂದರಲ್ಲಿ. ಆ ರಾತ್ರಿ ಚಿಕ್ಕಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಟೈಲರ್ ಮನೆಗೆ ಫೋನ್ ಮಾಡಿ, “ನಿಮ್ಮಣ್ಣ ಇವತ್ತು ಕುಡ್ದವ್ರೆ, ಬೆಳಗ್ಗೆ ಬಂದು ನೋಡಪ್ಪ” ಎಂದು ಹೇಳಿ ಮಲಗಿದರು. ಆ ರಾತ್ರಿ ನಿದ್ದೆ ಬಂತು ಎಂದು ಆಮೇಲೆ ನನಗೆ ಹೇಳಿದರು.