ಅನ್ವಯವಿಲ್ಲದ ಅನ್ವಯಿಕ ಸಂಶೋಧನೆ

ಕಳೆದ ಮೇ ತಿಂಗಳಲ್ಲಿ ನಾಲ್ವರು ವಿದ್ಯಾರ್ಥಿಗಳು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟನ್ನು ನನ್ನ ಮುಂದಿಟ್ಟರು. ಕಾಫಿ ಎಲೆಯ ಫೋಟೊ ಕೊಟ್ಟರೆ ಸಾಕು, ಕಂಪ್ಯೂಟರು ರೋಗದ ಹೆಸರು ಹೇಳುತ್ತದೆ. ನಿಖರತೆ ಶೇಕಡಾ 98. ಗೈಡ್ ಆಗಿದ್ದವನು ನಾನೇ, ಸಹಿ ಹಾಕಿದೆ. ಅದೇ ವಾರ ಅವರಲ್ಲೊಬ್ಬನನ್ನು ಮಡಿಕೇರಿ ಹತ್ತಿರದ ನಮ್ಮ ಮನೆಗೆ ಕರೆದುಕೊಂಡು ಹೋದೆ. ಅಪ್ಪ ಎಲೆಯನ್ನು ತಿರುವಿ, ಹಿಂಬದಿಯ ಕಿತ್ತಳೆ ಪುಡಿಯನ್ನು ಹೆಬ್ಬೆರಳಲ್ಲಿ ಒರೆಸಿ, "ತುಕ್ಕು ಅಂತ ನಂಗೂ ಗೊತ್ತು ಮಗ. ಪಕ್ಕದ ಗಿಡಕ್ಕೆ ಯಾವಾಗ ಬರುತ್ತೆ ಅಂತ ಹೇಳುತ್ತಾ ನಿನ್ನ ಫೋನು?" ಎಂದರು. ಹುಡುಗ ನನ್ನ ಮುಖ ನೋಡಿದ. ನಾನು ತೋಟ ನೋಡಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಅನ್ವಯ ಎಂದರೆ ಏನೆಂದು ಹೇಳಬೇಕಾಗಿಲ್ಲ. ಹಳಗನ್ನಡ ಪದ್ಯದಲ್ಲಿ ಚೆಲ್ಲಾಡಿದ ಪದಗಳನ್ನು ಜೋಡಿಸಿ, ಕರ್ತೃ ಯಾರು, ಕರ್ಮ ಯಾವುದು, ಕ್ರಿಯಾಪದ ಎಲ್ಲಿದೆ ಎಂದು ಹುಡುಕುವ ಕೆಲಸ ಅದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ 'ಅನ್ವಯಿಕ' ಪ್ರಬಂಧಗಳಿಗೆ ಈ ಪರೀಕ್ಷೆಯನ್ನೊಮ್ಮೆ ಒಡ್ಡಿ ನೋಡಿ. ಕೃಷಿಗೆ ಕೃತಕ ಬುದ್ಧಿಮತ್ತೆ, ಭೂಕುಸಿತಕ್ಕೆ ಯಂತ್ರಕಲಿಕೆ, ಆನೆ ಹಾವಳಿಗೆ ಸೆನ್ಸರು. ಕ್ರಿಯಾಪದಗಳು ಬೇಕಾದಷ್ಟಿವೆ. ಯಾರಿಗಾಗಿ ಎಂಬ ಜಾಗದಲ್ಲಿ ಮಾತ್ರ ಯಾರೂ ಇಲ್ಲ.

ಆ ಶೇಕಡಾ 98 ಎಲ್ಲಿಂದ ಬಂತು? ಕೊಡಗಿನಲ್ಲಿ ಹೆಚ್ಚು ಬೆಳೆಯುವುದು ರೊಬಸ್ಟಾ. ರೊಬಸ್ಟಾ ಎಲೆಗಳ ಚಿತ್ರಸಂಗ್ರಹ ಬೇಕೆಂದು ಅಂತರ್ಜಾಲದಲ್ಲಿ ಹುಡುಕುವವರಿಗೆ ಸುಲಭವಾಗಿ ಸಿಗುವುದು 2019ರಲ್ಲಿ ಪ್ರಕಟವಾದ, ಈಕ್ವೆಡಾರ್ ದೇಶದ ತೋಟಗಳ 1560 ಚಿತ್ರಗಳು. ಅದನ್ನು ಮಾಡಿದವರದು ಪ್ರಾಮಾಣಿಕ ಕೆಲಸ, ತಪ್ಪು ಅವರದಲ್ಲ. ನಮ್ಮ ಹುಡುಗರು ಅದನ್ನು ಇಳಿಸಿಕೊಂಡು, ಕಲಸಿ, ಎಂಬತ್ತು ಭಾಗ ಕಲಿಕೆಗೆ, ಇಪ್ಪತ್ತು ಭಾಗ ಪರೀಕ್ಷೆಗೆ ಎಂದು ಕತ್ತರಿಸುತ್ತಾರೆ. ಹಾಗೆ ಕಲಸಿದಾಗ ಒಂದೇ ಗಿಡದ ಒಂದು ಎಲೆ ಪಾಠದಲ್ಲೂ ಇನ್ನೊಂದು ಎಲೆ ಪ್ರಶ್ನೆಪತ್ರಿಕೆಯಲ್ಲೂ ಬರಬಹುದು. ಅದೇ ಬೆಳಕು, ಅದೇ ಹಿನ್ನೆಲೆ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕಿದವನಿಗೆ 98 ಬಂದರೆ ಊರಲ್ಲಿ ಯಾರೂ ಮೆರವಣಿಗೆ ಮಾಡುವುದಿಲ್ಲ. ಒಂದು ತೋಟದಲ್ಲಿ ಕಲಿತದ್ದನ್ನು ಇನ್ನೊಂದು ತೋಟದಲ್ಲಿ ಪರೀಕ್ಷಿಸಿ ಎಂದರೆ ಸಾಕು, ಆ ಅಂಕಿ ಇಳಿಯತೊಡಗುತ್ತದೆ. ಆದ್ದರಿಂದಲೇ ಹಾಗೆ ಪರೀಕ್ಷಿಸುವವರು ಕಡಿಮೆ. ಇನ್ನು ಅರೇಬಿಕಾ ಬೆಳೆಗಾರನ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕ ಇರುವುದು ಕಾಂಡದೊಳಗೆ. ಎಲೆಯ ಫೋಟೊ ಅದರ ಬಗ್ಗೆ ಏನು ಹೇಳೀತು?

ಎಲೆಯ ಮಾತು ಬಿಡಿ, ತಪ್ಪಾದರೆ ಒಂದು ಬೆಳೆ ಹೋದೀತು. ಬೆಟ್ಟದ ಮಾತು ಹಾಗಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ. ಆಮೇಲೆ ಕೊಡಗಿನ ಭೂಕುಸಿತ ಒಂದು ಜನಪ್ರಿಯ ಸಂಶೋಧನಾ ವಿಷಯವಾಯಿತು. ಇಳಿಜಾರು, ಮಣ್ಣು, ರಸ್ತೆಯ ದೂರ, ಮಳೆ ಎಲ್ಲವನ್ನೂ ಯಂತ್ರಕ್ಕೆ ಉಣಿಸಿ, ಕೆಂಪು ಹಳದಿ ಹಸಿರು ಬಳಿದ ನಕ್ಷೆ ತೆಗೆಯುವುದು ಇದರ ಪದ್ಧತಿ. ಇಂಥ ಲೆಕ್ಕದಲ್ಲಿ ಕುಸಿದ ಜಾಗಗಳ ಜೊತೆಗೆ ಕುಸಿಯದ ಜಾಗಗಳನ್ನೂ ಕೊಡಬೇಕು. ಕುಸಿಯದ ಜಾಗವೆಂದು ಕುಶಾಲನಗರದ ಬಯಲನ್ನು ಕೊಟ್ಟರೆ ಯಂತ್ರ ಕಲಿಯುವುದು ಒಂದೇ ಪಾಠ: ಬಯಲು ಜಾರುವುದಿಲ್ಲ, ಬೆಟ್ಟ ಜಾರುತ್ತದೆ. ಅಂಕ ಭರ್ಜರಿ ಬರುತ್ತದೆ. ಇದನ್ನು ಹೇಳಲು ನಮ್ಮ ಅಜ್ಜಿ ಸಾಕಿತ್ತು.

ಬೇಕಾಗಿದ್ದದ್ದು ಬೇರೆ. ಒಂದೇ ಬಗೆಯ ಎರಡು ಇಳಿಜಾರಿನಲ್ಲಿ ಒಂದು ಯಾಕೆ ಜಾರಿತು, ಇನ್ನೊಂದು ಯಾಕೆ ನಿಂತಿತು? 2018ರ ಅನಾಹುತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೇ ಮನುಷ್ಯರು ಇಳಿಜಾರು ಕಡಿದದ್ದರ ಕಡೆಗೆ ಬೆರಳು ತೋರಿತ್ತು. ಹೋಂಸ್ಟೇ ಹಿಂದೆ ಜೆಸಿಬಿ ಕಡಿದ ಇಪ್ಪತ್ತು ಅಡಿಯ ಗೋಡೆ, ಮೂವತ್ತು ಮೀಟರಿಗೊಂದು ಚುಕ್ಕಿ ಇರುವ ಉಪಗ್ರಹದ ಎತ್ತರದ ನಕ್ಷೆಯಲ್ಲಿ ಕಾಣುವುದಿಲ್ಲ. ಅದನ್ನು ಕಾಣಲು ಕೊಡೆ ಹಿಡಿದು ನಡೆಯಬೇಕು. ನಕ್ಷೆ ಎಲ್ಲಿ ಎಂದು ಹೇಳಬಹುದು. ಯಾವಾಗ ಎಂಬುದಕ್ಕೆ ಮಳೆ ಬೇಕು, ಅದೂ ಆ ಗುಡ್ಡದ ಮಳೆ. ಭಾಗಮಂಡಲದಲ್ಲಿ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಸುರಿದರೆ ಕುಶಾಲನಗರದಲ್ಲಿ ಸಾವಿರದ ಆಸುಪಾಸು. ಜಿಲ್ಲೆಗೊಂದು ಸರಾಸರಿ ತೆಗೆಯುವವನು ಕೊಡಗಿಗೆ ಕಾಲಿಟ್ಟವನಲ್ಲ.

ಆ ಮಳೆ ಲೆಕ್ಕ ಇಲ್ಲವೆಂದಲ್ಲ. ಕೊಡಗಿನ ಹಳೆಯ ತೋಟದ ಮನೆಗಳಲ್ಲಿ ಮಳೆಪುಸ್ತಕಗಳಿವೆ. ಬೆಳಗ್ಗೆ ಅಳತೆಗೊಳವೆ ನೋಡಿ, ಇಂಚು ಸೆಂಟುಗಳಲ್ಲಿ ಬರೆದಿಟ್ಟ ದಿನದಿನದ ಲೆಕ್ಕ. ಹೂಮಳೆ ಬಂದ ದಿನ, ಹೊಳೆ ಉಕ್ಕಿದ ದಿನ, ಬರೆ ಕುಸಿದ ದಿನ, ಎಲ್ಲ ಅಂಚಿನಲ್ಲಿ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರು ಪುದುಚೇರಿಯ ಫ್ರೆಂಚ್ ಸಂಸ್ಥೆಯೊಡನೆ ಸೇರಿ, ಕೆಫ್ನೆಟ್ ಯೋಜನೆಯ ಕಾಲದಲ್ಲಿ ತೋಟಗಾರರ ಇಂಥ ದಾಖಲೆಗಳನ್ನು ಕಲೆಹಾಕಿ ಅಧ್ಯಯನ ಮಾಡಿದ್ದರು. ಗಡಿಯಾಚೆ ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್, ಊರವರೇ ಓದಿ ಹೇಳುವ ಇನ್ನೂರರಷ್ಟು ಮಳೆಮಾಪಕಗಳ ಜಾಲ ಕಟ್ಟಿದೆ. 2024ರ ಜುಲೈ 30ರ ಮುಂಡಕ್ಕೈ–ಚೂರಲ್‌ಮಲ ಕುಸಿತಕ್ಕೆ ಮೊದಲೇ ಅವರು ಎಚ್ಚರಿಸಿದ್ದರು. ಕೇಳಬೇಕಾದವರು ಕೇಳಿಸಿಕೊಂಡರೇ ಎಂಬುದು ಬೇರೆಯೇ ಜಗಳ. ಪ್ಲಾಸ್ಟಿಕ್ ಮಾಪಕ, ಫೋನು, ಒಂದು ಕೋಷ್ಟಕ: ಇದನ್ನು ನಮ್ಮ ವಿಭಾಗದಲ್ಲಿ ಪ್ರಾಜೆಕ್ಟೆಂದು ಮಂಡಿಸಿದರೆ 'ಹೊಸತನ ಏನಿದೆ' ಎಂದು ಕೇಳಿ ವಾಪಸ್ ಕಳಿಸುತ್ತಾರೆ. ನಾನೂ ಕೇಳಿದ್ದೇನೆ.

ಯಾಕೆ ಹೀಗೆ? ಪ್ರಬಂಧ ಎಣಿಸುವುದು ಸುಲಭ, ಉಳಿದ ಗುಡ್ಡ ಎಣಿಸುವುದು ಕಷ್ಟ. ಕಾಲೇಜಿನ ರ್‍ಯಾಂಕಿಗೆ ಪ್ರಬಂಧ ಬೇಕು, ಬಡ್ತಿಗೆ ಪ್ರಬಂಧ ಬೇಕು. ಬೇಡಿಕೆ ಇದ್ದಲ್ಲಿ ಸಂತೆ ನೆರೆಯುತ್ತದೆ. ವೈದ್ಯಕೀಯ, ಸೇತುವೆ, ಬತ್ತ, ಬ್ಯಾಂಕು ಎಲ್ಲಕ್ಕೂ ಒಂದೇ ಸೂತ್ರ ಹಚ್ಚಿದ ಲೇಖನಗಳನ್ನು ರಾಶಿ ಹಾಕಿದ ಹಿಂದಾವಿ ಪ್ರಕಾಶನ, 2023ರಲ್ಲಿ 8000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಷ್ಟನ್ನೂ ಯಾರೋ ಬರೆದಿದ್ದರು, ಯಾರೋ ಒಪ್ಪಿದ್ದರು. ಯಾರಾದರೂ ಓದಿದ್ದರೋ ಇಲ್ಲವೋ.

ವಿದ್ಯಾರ್ಥಿಗಳು ಕಲಿಯುತ್ತಾರಲ್ಲ, ನಷ್ಟವೇನು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕಲಿಕೆಗೆ ನನ್ನ ತಕರಾರಿಲ್ಲ. ಅಭ್ಯಾಸಕ್ಕೆ ಮಾಡಿದ್ದನ್ನು ಅಭ್ಯಾಸ ಎನ್ನಿ. ಅದಕ್ಕೆ 'ಕೊಡಗಿನ ರೈತರಿಗಾಗಿ' ಎಂದು ಹಣೆಪಟ್ಟಿ ಹಚ್ಚಿದಾಗ ನಷ್ಟ ಶುರುವಾಗುತ್ತದೆ. ಈ ಕೆಲಸ ಆಗಿದೆ ಎಂದು ಅನುದಾನ ಕೊಡುವವರು ನಂಬುತ್ತಾರೆ. ಹುಡುಗರು ಸುಳ್ಳು ಹೇಳುವುದನ್ನು ಅಂಕದ ಜೊತೆಗೆ ಕಲಿಯುತ್ತಾರೆ. ರೈತನಂತೂ ಅದನ್ನು ನೋಡುವುದೇ ಇಲ್ಲ, ಯಾಕೆಂದರೆ ಕನ್ನಡದಲ್ಲಿ ಒಂದು ಪುಟವೂ ಇರುವುದಿಲ್ಲ, ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಕೇಳುವುದೇ ಬೇಡ.

ಹಿಂದೆ ಹೀಗಿರಲಿಲ್ಲ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಎಂ.ಸಿ. ಕುಕ್ ನಮ್ಮ ಕಾಫಿಯ ರೋಗಕ್ಕೆ ವೈಜ್ಞಾನಿಕ ಹೆಸರಿಟ್ಟಾಗ ಪೆಲಿಕ್ಯುಲೇರಿಯಾ ಕೊಳೆರೋಗ ಎಂದಿಟ್ಟ. ಹೆಸರು ಆಮೇಲೆ ಬದಲಾಯಿತು, ಆ ಮಾತು ಬೇರೆ. ತೋಟದಲ್ಲಿ ಜನ ಏನೆನ್ನುತ್ತಾರೆ ಎಂಬುದು ಆ ಆಂಗ್ಲನ ಕಿವಿಗೂ ತಲುಪಿತ್ತು. ಮಡಿಕೇರಿಯಿಂದ ಬಸ್ಸಿನ ದೂರದಲ್ಲಿರುವ ನಮ್ಮ ಕಿವಿಗೆ ತಲುಪಿಲ್ಲ.

ಈ ವರ್ಷ ನನ್ನ ತಂಡಕ್ಕೆ ಎಲೆ ಕೊಟ್ಟಿಲ್ಲ. ಅಪ್ಪನ ಮಳೆಪುಸ್ತಕಗಳನ್ನು ಕೊಟ್ಟಿದ್ದೇನೆ, ಅಕ್ಕಪಕ್ಕದ ಐದು ಮನೆಯವರೂ ಕೊಟ್ಟಿದ್ದಾರೆ. ಹುಡುಗರು ಅಂಕಿ ಏರಿಸುತ್ತಿದ್ದಾರೆ. ನಡುನಡುವೆ ಗೆದ್ದಲು ತಿಂದ ಪುಟಗಳಿವೆ. ಅಲ್ಲಿ ಪಕ್ಕದ ಮನೆಯ ಲೆಕ್ಕ ತುಂಬಬಹುದೇ ಎಂದು ಒಬ್ಬಳು ಮೊನ್ನೆ ಅಪ್ಪನಿಗೆ ಫೋನು ಮಾಡಿದ್ದಳಂತೆ. "ನಡುವೆ ಒಂದು ಕುಂದು ಇದೆಯಲ್ಲ ಮಗಳೇ, ಅವರಿಗೆ ಬಿದ್ದ ಮಳೆ ನಮಗೆ ಬೀಳಲ್ಲ" ಎಂದರಂತೆ. ಆ ಪುಟಗಳನ್ನು ಅವಳು ಖಾಲಿ ಬಿಟ್ಟಿದ್ದಾಳೆ.