ಫೋಟೋ ತೆಗೆದ್ರಿ ಸರಿ, ಕಡಲೆಕಾಯಿ ತಗೊಂಡ್ರಾ?

ಚಳಿಗಾಲದ ಬೆಂಗಳೂರು, ಭಾಗ 4. ಇವತ್ತಿನದು ಉದ್ದ ಇದೆ. ಟೀ ಇಟ್ಕೊಂಡು ಓದಿ.

ಮೊದಲನೇ ಫೋಟೋ ನೋಡಿ. ಹೋದ ವರ್ಷದ್ದು. ಬಸವನಗುಡಿ ಕಡಲೆಕಾಯಿ ಪರಿಷೆ, ಸಂಜೆ ಬೆಳಕು, ಹಿಂದೆ ಕಡಲೆಕಾಯಿ ಗುಡ್ಡೆ, ಮುಂದೆ ಒಂದು ಹಿಡಿ ಕಾಯಿ ಹಿಡ್ಕೊಂಡು ನಗ್ತಾ ಇರೋ ನಾನು. ನನ್ನ ಅಕೌಂಟ್‌ನಲ್ಲಿ ಜಾಸ್ತಿ ಲೈಕ್ ಬಂದಿರೋ ಫೋಟೋಗಳಲ್ಲಿ ಇದೂ ಒಂದು. ಅದರಲ್ಲಿ ಕಾಣದೇ ಇರೋ ವಿಷಯ ಏನಂದ್ರೆ, ಕ್ಲಿಕ್ ಆದ ತಕ್ಷಣ ಆ ಹಿಡಿ ಕಾಯಿನ ನಾನು ವಾಪಸ್ ಗುಡ್ಡೆಗೆ ಸುರಿದೆ. ಅರ್ಧ ಸೇರೂ ತಗೊಳ್ಳಲಿಲ್ಲ.

ನಾವು ನಾಲ್ಕು ಜನ ಇದ್ವಿ. ಒಬ್ಬೊಬ್ಬರದೂ ಒಂದೊಂದು ಪೋಸ್, ಆಮೇಲೆ ಗ್ರೂಪ್ ಫೋಟೋ, ಆಮೇಲೆ ಒಂದು ರೀಲ್. ಹತ್ತು ನಿಮಿಷ ಆ ಗುಡ್ಡೆ ಮುಂದೆ ನಾವೇ ನಿಂತಿದ್ವಿ, ಬೇರೆ ಗಿರಾಕಿ ಹತ್ತಿರ ಬರೋಕೂ ಜಾಗ ಇರಲಿಲ್ಲ. ಹಿಂದೆ ಕೂತಿದ್ದ ಅಜ್ಜಿ ಸುಮ್ಮನೆ ನೋಡ್ತಾ ಇದ್ರು. ಹೊರಡುವಾಗ ನಾನು "ಥ್ಯಾಂಕ್ಸ್ ಅಜ್ಜಿ" ಅಂದೆ. "ಎಲ್ಲಾರೂ ಫೋಟ ಹಿಡ್ಕೊಂಡು ಓಯ್ತಾರೆ ಕಣವ್ವ, ತಗೊಳ್ಳೋರು ಬೇಕಲ್ಲ" ಅಂದ್ರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಮಳೆ ಬರೋ ಹಂಗಿದೆ ಅನ್ನೋ ಥರ ಅಂದ್ರು, ಅಷ್ಟೇ.

ಒಂದು ವರ್ಷದಿಂದ ಆ ಮಾತು ತಲೇಲಿ ಕೂತಿದೆ. ಅದಕ್ಕೇ ಈ ಸರಣಿಯಲ್ಲಿ ಇವತ್ತು ಎಲ್ಲಿ ಏನು ತಿನ್ನಬೇಕು ಅನ್ನೋ ಪಟ್ಟಿ ಇಲ್ಲ. ನಿಮ್ಮ ಹತ್ತಿರ ಒಂದು ಜಗಳ ಇದೆ. ನನ್ನ ಜೊತೆಗೂ ಅದೇ ಜಗಳ.

ನಮ್ಮೂರ ಚಳಿಗಾಲದಲ್ಲಿ ಬೇರೆ ಊರಿನ ಥರ ಹಿಮ ಇಲ್ಲ, ದೊಡ್ಡ ಚಳಿಯೂ ಇಲ್ಲ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಅದನ್ನೇ ಸೊಂಟಕ್ಕೆ ಕಟ್ಕೊಳ್ಳೋದು. ಆದ್ರೂ ನವೆಂಬರ್‌ನಿಂದ ಜನವರಿವರೆಗೆ ಈ ಊರಿಗೆ ಒಂದು ರುಚಿ ಬರುತ್ತೆ. ಅದು ಬರೋದು ಸುತ್ತಲಿನ ಹೊಲಗಳಿಂದ. ಕಾರ್ತಿಕ ಮಾಸದ ಕೊನೇ ಸೋಮವಾರ ದೊಡ್ಡ ಬಸವಣ್ಣನ ಗುಡಿ ಮುಂದೆ ಕಡಲೆಕಾಯಿ ಬಂದು ಬೀಳುತ್ತೆ. ಕಥೆ ನಿಮಗೆ ಗೊತ್ತಿರುತ್ತೆ: ಸುಂಕೇನಹಳ್ಳಿ ರೈತರ ಬೆಳೆಯನ್ನ ಬಸವ ಬಂದು ತಿಂತಿತ್ತು, ಅವರು ಮೊದಲ ಬೆಳೆ ನಿನಗೇ ಅಂತ ಹರಕೆ ಹೊತ್ರು. ನನಗೆ ಈ ಕಥೆಯಲ್ಲಿ ಇಷ್ಟ ಆಗೋದು ಬಸವನಲ್ಲ, ರೈತರು. ಬೆಳೆ ಹೋಯ್ತು ಅಂತ ಅಳ್ತಾ ಕೂರದೆ ಬಸವನ ಜೊತೆ ವ್ಯವಹಾರ ಕುದುರಿಸಿದ್ರು. (ಕಡಲೆಕಾಯಿ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ ಅಂತ ಗೊತ್ತಾದಾಗ ನಮ್ಮಜ್ಜಿ ನಂಬಲೇ ಇಲ್ಲ. ಅವರ ಪ್ರಕಾರ ಅದು ಬಸವನಗುಡಿಯದೇ.)

ಅಂದ್ರೆ ಪರಿಷೆ ಮೂಲತಃ ಬೆಳೆ ತಂದು ಮಾರೋ ಜಾಗ. ದೇವರು, ದೀಪ, ಜಾಯಿಂಟ್ ವೀಲ್, ಬಳೆ ಅಂಗಡಿ, ಬತ್ತಾಸು ಎಲ್ಲಾ ಅದರ ಸುತ್ತ ಬೆಳೆದಿದ್ದು. ನಾವು ಹೋಗಿ ಬೆಳೆಯನ್ನೇ ಬಿಟ್ಟು ಸುತ್ತಲಿನದನ್ನ ಮಾತ್ರ ನೋಡ್ಕೊಂಡು ಬರ್ತೀವಿ.

ಈ ವರ್ಷ ನಾನೊಬ್ಬಳೇ ಹೋದೆ. ಬೆಳಿಗ್ಗೆ ಎಂಟಕ್ಕೆ, ಬಟ್ಟೆ ಚೀಲ ತಗೊಂಡು. ಅಜ್ಜಿ ಕೂತಿದ್ದ ಜಾಗದಲ್ಲಿ ಮಾಗಡಿ ಕಡೆಯ ಒಬ್ಬ ಗಂಡ ಹೆಂಡತಿ ಇದ್ರು. ಜನ ಕಮ್ಮಿ ಇದ್ದಿದ್ರಿಂದ ಮಾತಿಗೆ ಸಿಕ್ಕಿದ್ರು. ಹನ್ನೆರಡು ಮೂಟೆ ತಂದಿದ್ರಂತೆ. ಅದರಲ್ಲಿ ಸ್ವಂತ ಹೊಲದ್ದು ನಾಲ್ಕು, ಉಳಿದದ್ದು ಊರಲ್ಲಿ ಬೇರೆಯವರ ಹತ್ತಿರ ಕೊಂಡಿದ್ದು, ಅದಕ್ಕೆ ಸಾಲ. ಟೆಂಪೋ ಬಾಡಿಗೆ ಹೋಗುವಾಗ ಬರುವಾಗ ಎರಡೂ ಸಲ. ರಾತ್ರಿ ಫುಟ್‌ಪಾತ್ ಮೇಲೆ ಮೂಟೆ ಪಕ್ಕದಲ್ಲೇ ನಿದ್ದೆ. ಹಸಿ ಕಾಯಿ ಮೂಟೆಯಲ್ಲೇ ಉಳಿದ್ರೆ ಬೂಸ್ಟು ಹಿಡಿಯುತ್ತೆ. ಅದಕ್ಕೆ ಕೊನೇ ರಾತ್ರಿ ಬಂದಷ್ಟಕ್ಕೆ ಕೊಟ್ಟು ಹೋಗ್ಬೇಕು. ಕ್ಲಾಸಲ್ಲಿ ವರ್ಕಿಂಗ್ ಕ್ಯಾಪಿಟಲ್ ಅಂತ ಮೂರು ಸಲ ಬರೆದು ಪಾಸಾಗಿದ್ದೀನಿ. ಅರ್ಥ ಆಗಿದ್ದು ಮಾತ್ರ ಆ ಫುಟ್‌ಪಾತ್ ಮೇಲೆ.

ಹುರಿದಿದ್ದು ಒಂದು ಸೇರಿಗೆ 60 ರೂಪಾಯಿ ಅಂದ್ರು. ನನ್ನ ಬಾಯಿಂದ ತಾನಾಗೇ "50ಕ್ಕೆ ಕೊಡಿ ಅಣ್ಣ" ಬಂತು. ನಂಬ್ತೀರಾ? ಅಷ್ಟೆಲ್ಲಾ ಕೇಳಿದ ಮೇಲೂ! ಇದೇ ಬಾಯಿ ಹಿಂದಿನ ಶನಿವಾರ ಒಂದು ಕೆಫೆಯಲ್ಲಿ 280 ರೂಪಾಯಿಯ ಹಾಟ್ ಚಾಕೊಲೇಟ್‌ಗೆ ಟ್ಯಾಕ್ಸ್ ಸೇರಿಸಿ ಉಸಿರೆತ್ತದೆ ಕೊಟ್ಟಿತ್ತು. ಅಲ್ಲಿ ಮೆನು ಕಾರ್ಡಲ್ಲಿ ಪ್ರಿಂಟ್ ಆಗಿದ್ದು ಬೆಲೆ, ಇಲ್ಲಿ ಬಾಯಲ್ಲಿ ಹೇಳಿದ್ದು ಬೆಲೆ ಅಲ್ವಾ?

60 ಕೊಟ್ಟು ಎರಡು ಸೇರು ತಗೊಂಡೆ. ಅವರೇ ಒಂದು ಬೊಗಸೆ ಕೊಸರು ಹಾಕಿದ್ರು, ಕೇಳದೇನೇ. ಚೌಕಾಸಿ ಮಾಡಿ ಕಿತ್ಕೊಂಡ ಹತ್ತು ರೂಪಾಯಿಗಿಂತ ಆ ಕೊಸರು ಜಾಸ್ತಿನೇ ಇತ್ತು ಅನ್ಸುತ್ತೆ, ಅಳೆದಿಲ್ಲ. ಎರಡನೇ ಫೋಟೋದಲ್ಲಿ ಇರೋದು ಅವರದೇ ಕೈ. ಕೇಳೇ ತೆಗೆದಿದ್ದು.

ಗೊತ್ತು, ಕಾಮೆಂಟಲ್ಲಿ ಏನು ಬರೀತೀರಾ ಅಂತ. "ಫೋಟೋ ಹಾಕೋದ್ರಿಂದಾನೇ ಜನ ಬರೋದು, ಅದು ಫ್ರೀ ಪ್ರಚಾರ." ಒಪ್ತೀನಿ, ಅರ್ಧ. ನನ್ನ ಫೋಟೋ ನೋಡಿ ಹೋದ ಇಬ್ಬರು ಫ್ರೆಂಡ್ಸ್ ಏನು ಮಾಡಿದ್ರು ಗೊತ್ತಾ? ಅದೇ ಪೋಸ್ ಕೊಟ್ಟು ಬಂದ್ರು. ಪ್ರಚಾರ ಆಗಿದ್ದು ಪೋಸಿಗೆ, ಕಡಲೆಕಾಯಿಗಲ್ಲ.

ಇನ್ನೊಂದು: "ಸ್ಟೂಡೆಂಟ್ಸ್ ಹತ್ತಿರ ದುಡ್ಡೆಲ್ಲಿ?" ಇದು ನಿಜವಾದ ಮಾತು. ನನ್ನ ತಿಂಗಳ ಕೈ ಖರ್ಚು ಹೇಳಿದ್ರೆ ನೀವೇ ನನಗೆ ಕಡಲೆಕಾಯಿ ಕೊಡಿಸ್ತೀರಾ. ಆದ್ರೆ ನಾಲ್ಕು ಜನ ಸೇರಿದ್ರೆ ಒಂದು ಸೇರಿಗೆ ತಲೆಗೆ ಹದಿನೈದು ರೂಪಾಯಿ. ದುಡ್ಡೇ ಇಲ್ಲದ ದಿನ ಸುಮ್ಮನೆ ಸುತ್ತಾಡಿ ಬನ್ನಿ, ಪರಿಷೆಗೆ ಟಿಕೆಟ್ ಇಲ್ಲ, ಯಾರೂ ಬೇಡ ಅನ್ನಲ್ಲ. ಗುಡ್ಡೆ ಮುಂದೆ ಹತ್ತು ನಿಮಿಷ ಅಡ್ಡ ನಿಲ್ಲಬೇಡಿ, ಅಷ್ಟೇ ನಾನು ಹೇಳ್ತಿರೋದು.

ಈಗ ಅವರೆಕಾಯಿಗೆ ಬರ್ತೀನಿ, ಯಾಕಂದ್ರೆ ಪರಿಷೆ ಮುಗಿದಿದೆ, ಅವರೆ ಈಗ ಶುರು. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತಾರೆ. ಬೆಳಿಗ್ಗೆ ಮಾರ್ಕೆಟ್ ಹತ್ತಿರ ಹೋದ್ರೆ ಮೂಟೆ ಕಾಣೋಕೂ ಮುಂಚೆ ವಾಸನೆ ಬರುತ್ತೆ. ವಿ.ವಿ. ಪುರಂನ ಸಜ್ಜನ್ ರಾವ್ ಸರ್ಕಲ್‌ನಲ್ಲಿ ನಡೀತಿದ್ದ ಅವರೆಬೇಳೆ ಮೇಳ ಈಚಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ, ಮೆಟ್ರೋ ಇಳಿದ್ರೆ ಪಕ್ಕದಲ್ಲೇ. ಅವರೆಬೇಳೆ ದೋಸೆ, ಅಕ್ಕಿ ರೊಟ್ಟಿ, ಹಿತಕಿದ ಬೇಳೆ ಸಾರು, ಹೋಳಿಗೆ, ಜಿಲೇಬಿ, ಜಾಮೂನು. ಜಾಮೂನು ನನಗೆ ಇಷ್ಟ ಆಗಲಿಲ್ಲ, ಬೈಕೊಳ್ಳಿ ಬೇಕಾದ್ರೆ. ದೋಸೆಗೆ ಮಾತ್ರ ಕ್ಯೂ ನಿಲ್ಲಬಹುದು.

ಅಲ್ಲಿ ಪ್ರತಿ ವರ್ಷ ಕೇಳೋ ಮಾತು: "ಒಂದು ದೋಸೆಗೆ ಇಷ್ಟಾ?" ನಾನೂ ಅಂದಿದ್ದೆ. ಆಮೇಲೆ ಮನೇಲಿ ಅಮ್ಮ ಎರಡು ಕೆಜಿ ಕಾಯಿ ತಂದು ನನ್ನ ಮುಂದೆ ಸುರಿದ್ರು. ಕಾಯಿ ಬಿಡಿಸಿ, ಕಾಳು ನೆನೆಹಾಕಿ, ಹೆಬ್ಬೆರಳು ತೋರುಬೆರಳ ಮಧ್ಯೆ ಒಂದೊಂದೇ ಹಿತುಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತೆ, ಅರ್ಧ ಪಾತ್ರೆಗೆ, ಅರ್ಧ ಟೀವಿ ಸ್ಟ್ಯಾಂಡ್ ಕೆಳಗೆ. ಒಂದು ಇಡೀ ಸಿನಿಮಾ ಮುಗೀತು, ಪಾತ್ರೆಯ ತಳ ಮುಚ್ಚುವಷ್ಟು ಬೇಳೆ ಆಗಿತ್ತು. ಉಗುರು ಸಂದಿ ಎರಡು ದಿನ ನೋವು. ಅಮ್ಮ, ಅಜ್ಜಿ ಇದನ್ನ ಇಷ್ಟು ವರ್ಷ ನಮಗೋಸ್ಕರ ಮಾಡಿದ್ದಾರೆ, ನಾನು ತಟ್ಟೆ ಮುಂದೆ ಕೂತು "ಸಾರಲ್ಲಿ ಬೇಳೆ ಕಮ್ಮಿ ಇದೆ" ಅಂದಿದ್ದೀನಿ. ಮೇಳದ ದೋಸೆಯಲ್ಲಿ ಕೂಲಿ ಕೊಡ್ತೀವಿ, ಮನೇದರಲ್ಲಿ ಅದೂ ಇಲ್ಲ. ಈ ಸೀಸನ್‌ನಲ್ಲಿ ಮನೇಲಿ ಸಾರು ಬೇಕು ಅಂದ್ರೆ ಮೊದಲು ಬೆರಳು ಕೊಡಿ. ಹುಡುಗರೇ, ನಿಮಗೂ ಸೇರಿಸಿಯೇ ಹೇಳ್ತಿರೋದು.

ಜನವರಿಯ ಒಂದು ಭಾನುವಾರ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಮುಂದೆ ಕುಮಾರಕೃಪಾ ರಸ್ತೆ ಪೂರ್ತಿ ಕಲಾವಿದರು, ಸಾವಿರಕ್ಕೂ ಜಾಸ್ತಿ. ಅಲ್ಲೂ ಇದೇ ರೋಗ. ಒಬ್ಬ ಹುಡುಗ ಬೇರೆ ಊರಿಂದ ರಾತ್ರಿ ಬಸ್ಸಲ್ಲಿ ಕ್ಯಾನ್ವಾಸ್ ಹೊತ್ಕೊಂಡು ಬಂದಿರ್ತಾನೆ, ನಾವು ಅವನ ಚಿತ್ರಕ್ಕೆ ಬೆನ್ನು ಹಾಕಿ ಸೆಲ್ಫಿ ತಗೋತೀವಿ. ಅವನು ಯಾರು, ಏನು ಬರೆದಿದ್ದಾನೆ, ಕೇಳಲ್ಲ. ದೊಡ್ಡ ಕ್ಯಾನ್ವಾಸ್ ನಮ್ಮ ಕೈಗೆಟುಕಲ್ಲ, ಸರಿ. ಆದ್ರೆ ಅಲ್ಲಿ ನೂರು ಇನ್ನೂರು ರೂಪಾಯಿಯ ಚಿಕ್ಕ ಚಿತ್ರಗಳೂ ಸಿಗುತ್ತೆ. ಕೊಳ್ಳೋಕೆ ಆಗಲಿಲ್ವಾ, ಎರಡು ನಿಮಿಷ ನಿಂತು ನೋಡಿ, ಹೆಸರು ಕೇಳಿ, ಫೋಟೋ ಹಾಕಿದ್ರೆ ಅವರನ್ನ ಟ್ಯಾಗ್ ಮಾಡಿ. ಮತ್ತೆ "ಫೋಟೋ ತೆಗೆಯಬೇಡಿ" ಅಂತ ಬೋರ್ಡ್ ಇದ್ರೆ ತೆಗೆಯಬೇಡಿ ಪ್ಲೀಸ್.

ಲಾಲ್‌ಬಾಗ್ ಫ್ಲವರ್ ಶೋ ಬಗ್ಗೆ ಏನೂ ಬರೆಯಲ್ಲ. ಅಲ್ಲಿ ಹೂವು ನೋಡೋದಕ್ಕಿಂತ ಮುಂದಿನವರ ತಲೆ ನೋಡೋದೇ ಜಾಸ್ತಿ.

ಫೋನ್ ಕೆಲಸಕ್ಕೇ ಬಾರದ ಒಂದು ಜಾಗ ಮಾತ್ರ ಹೇಳಿಬಿಡ್ತೀನಿ. ಜೆ.ಪಿ. ನಗರದ ರಂಗಶಂಕರ. 2004ರಿಂದ ನಡೀತಿದೆ. ನಾಟಕ ಏಳೂವರೆ ಅಂದ್ರೆ ಏಳೂವರೆಗೆ, ತಡವಾದ್ರೆ ಬಾಗಿಲು ಹಾಕಿರ್ತಾರೆ, ಟ್ರಾಫಿಕ್ ಕಥೆ ನಡೆಯಲ್ಲ. ಒಳಗೆ ಫೋನ್ ಆಫ್. ಡಿಸೆಂಬರ್ ಮೊದಲ ವಾರ ಒಂದು ನಾಟಕ ನೋಡಿದೆ. ನನ್ನ ಹತ್ತಿರ ಅದರ ಒಂದೂ ಫೋಟೋ ಇಲ್ಲ, ಆದ್ರೆ ಕೊನೇ ದೃಶ್ಯದಲ್ಲಿ ಆ ನಟಿ ಕುರ್ಚಿ ಎಳೆದ ಶಬ್ದ ಇನ್ನೂ ಕಿವೀಲಿದೆ. ಹೋದ ವರ್ಷದ ಪರಿಷೆಯ ನಲವತ್ತು ಫೋಟೋ ಇದೆ, ಆ ಕಡಲೆಕಾಯಿ ರುಚಿ ಹೇಗಿತ್ತು ಅಂತ ಕೇಳಿದ್ರೆ ಹೇಳೋಕಾಗಲ್ಲ. ತಿಂದೇ ಇಲ್ವಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮಾರ್ಕೆಟ್‌ಗೆ ಅವರೆಕಾಯಿ ತರೋಕೆ ಹೋಗ್ತಿದ್ದೀನಿ. ಬಸವನಗುಡಿ ಕಡೆಯವರು ಯಾರಾದ್ರೂ ಬರೋದಾದ್ರೆ ಮೆಸೇಜ್ ಮಾಡಿ, ಆರೂವರೆಗೆ ಹೊರಡೋದು, ಚೀಲ ನೀವೇ ತನ್ನಿ. ಹಿತುಕೋಕೂ ಬಂದ್ರೆ ಅಮ್ಮ ಸಾರು ಹಾಕಿ ಕಳಿಸ್ತಾರೆ.

ಕೊನೇ ಫೋಟೋ ಈ ವರ್ಷದ ಪರಿಷೆದು. ಬ್ಲರ್ ಆಗಿದೆ, ಸಾರಿ. ಇನ್ನೊಂದು ಕೈಯಲ್ಲಿ ಚೀಲ ಇತ್ತು.